ಮೂಲೆಯಂಗಡಿಯವರ ಸಂಗೀತ

ನಮ್ಮ ಸಂಗೀತಶಾಸ್ತ್ರಕಾರರು ರಾಗಗಳನ್ನು ಶುದ್ಧ, ಛಾಯಾಲಗ, ಸಂಕೀರ್ಣವೆಂದು ಮೂರು ಬಗೆಯಾಗಿ ವಿಂಗಡಿಸಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಸ್ವರೂಪದಿಂದಲೇ ರಂಜಿಸುವುದು ಶುದ್ಧ; ಮತ್ತೊಂದರ ನೆರಳನ್ನು ಪಡೆದುದು ಛಾಯಾಲಗ; ಹಲವು ಬೆರೆತುದು ಸಂಕೀರ್ಣ. ಮೂರನ್ನೂ ಅವರು ರಾಗವೆಂದೇ ಕರೆದರೆಂಬುದು ಗಮನಿಸತಕ್ಕ ಅಂಶ. ನಾವಾದರೋ ಉಪಾಧ್ಯಾಯರಾಗಿದ್ದ ಕಾಲದಲ್ಲಿ ಈ ಔದಾರ್ಯವನ್ನು ಮರೆತು, ತರಗತಿಯಲ್ಲಿ ಚಿತ್ರಗೀತೆಗಳನ್ನು ಗುನುಗುತ್ತಿದ್ದ ಬಾಲಕರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ನಮ್ಮ ಈ ತಪ್ಪನ್ನು ನಮಗೆ ತೋರಿಸಿಕೊಟ್ಟುದು ಸಮುದ್ರದಾಚೆಯ ಒಂದು ವಾದ್ಯಗೋಷ್ಠಿ. ಅದರ ವೃತ್ತಾಂತವನ್ನು ಇಲ್ಲಿ ನಿವೇದಿಸುತ್ತೇವೆ.

ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ನಮ್ಮ ದೇಶದ ಮೂಲದವರು ಬಹುಸಂಖ್ಯೆಯಲ್ಲಿ ನೆಲಸಿದ್ದಾರೆ. 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟ ಅನೇಕ ಕುಟುಂಬಗಳಿಗೂ ಆ ನಗರವೇ ಆಶ್ರಯವಾಯಿತು. ಆ ದೇಶದ ಬೀದಿಯ ಮೂಲೆಗಳಲ್ಲಿ ಹಾಲು, ರೊಟ್ಟಿ, ವೃತ್ತಪತ್ರಿಕೆಗಳನ್ನು ಮಾರುವ ಸಣ್ಣ ಅಂಗಡಿಗೆ ‘ಕಾರ್ನರ್ ಶಾಪ್’ ಎಂದು ಹೆಸರು. ಇಂತಹ ಅಂಗಡಿಗಳನ್ನು ಬೆಳಗಿನಿಂದ ರಾತ್ರಿಯವರೆಗೂ ತೆರೆದಿಟ್ಟು ಜೀವನ ಸಾಗಿಸಿದವರಲ್ಲಿ ನಮ್ಮವರು ಅನೇಕರಿದ್ದುದರಿಂದ, ಆ ಹೆಸರು ಅವರನ್ನು ಹಾಸ್ಯಮಾಡುವುದಕ್ಕೂ ಬಳಕೆಯಾಯಿತು. 1991ರಲ್ಲಿ ತಜಿಂದರ್ ಸಿಂಗ್, ಆತನ ಸಹೋದರ ಅವತಾರ್ ಸಿಂಗ್, ಬೆನ್ ಏರ್ಸ್, ಡೇವಿಡ್ ಚೇಂಬರ್ಸ್ ಎಂಬ ತರುಣರು ಲೆಸ್ಟರಿನಲ್ಲಿ ಗೋಷ್ಠಿಯೊಂದನ್ನು ಕಟ್ಟಿ, ಅದಕ್ಕೆ ‘ಕಾರ್ನರ್‌ಶಾಪ್’ ಎಂದೇ ನಾಮಕರಣ ಮಾಡಿದರು. ಪರರು ಎಸೆದ ಕಲ್ಲನ್ನು ತಮ್ಮ ಮನೆಯ ಅಡಿಪಾಯಕ್ಕೆ ಇಟ್ಟುಕೊಂಡ ಹಾಗಾಯಿತು.

ಆರಂಭದಲ್ಲಿ ಅವರ ಸಂಗೀತದಲ್ಲಿ ಗಿಟಾರಿನ ಗದ್ದಲ ಹೆಚ್ಚು, ಮಾಧುರ್ಯ ಕಡಿಮೆ. ಮನಸ್ಸಿನಲ್ಲಿ ಕೋಪವಿತ್ತು. ಮಾರಿಸ್ಸಿ ಎಂಬ ಪ್ರಸಿದ್ಧ ಗಾಯಕನು 1992ರಲ್ಲಿ ರಾಷ್ಟ್ರಧ್ವಜವನ್ನು ಬಳಸಿದ ರೀತಿಯನ್ನು ಆಕ್ಷೇಪಿಸಿ, ಲಂಡನ್ನಿನಲ್ಲಿ ಧ್ವನಿಮುದ್ರಣ ಸಂಸ್ಥೆಯೊಂದರ ಕಚೇರಿಯ ಮುಂದೆ ಆತನ ಚಿತ್ರವನ್ನು ಸುಟ್ಟರು. ಆ ಕಾರ್ಯವನ್ನು ನಾವು ಮೆಚ್ಚಲಾರೆವು. ಆದರೆ ಹುಟ್ಟಿ ಬೆಳೆದ ಊರಿನಲ್ಲಿಯೇ ಪರಕೀಯರೆನಿಸಿಕೊಳ್ಳುವ ಮಕ್ಕಳ ಸಂಕಟವನ್ನು ಬಲ್ಲವರು ಅದರ ಕಾರಣವನ್ನು ಊಹಿಸಬಲ್ಲರು.

ಕ್ರಮೇಣ ಕೋಪವು ಪಾಕವಾಗಿ ಕಲೆಯಾಯಿತು. ಗಿಟಾರಿನೊಡನೆ ಸಿತಾರ, ತಂಬೂರಿ, ಢೋಲಕಿಗಳು ಸೇರಿದವು; ಇಂಗ್ಲಿಷಿನೊಡನೆ ಪಂಜಾಬಿ ಬೆರೆಯಿತು. ಮಣಿಯನ್ನೂ ಹವಳವನ್ನೂ ಒಂದೇ ದಾರದಲ್ಲಿ ಪೋಣಿಸುವ ಮಣಿಪ್ರವಾಳ ಶೈಲಿಯು ನಮಗೆ ಹೊಸದೇನಲ್ಲ. 1965ರಲ್ಲಿ ಬೀಟಲ್ಸ್ ಗೋಷ್ಠಿಯವರು ಸಿತಾರವನ್ನು ಬಳಸಿ ಹಾಡಿದ್ದ ‘ನಾರ್ವೀಜಿಯನ್ ವುಡ್’ ಎಂಬ ಗೀತೆಯನ್ನು ಇವರು ಪಂಜಾಬಿಯಲ್ಲಿ ಹಾಡಿ 1997ರ ತಮ್ಮ ಸಂಪುಟದಲ್ಲಿ ಸೇರಿಸಿದರು. ಎರವಲು ಹೋದ ಆಭರಣವನ್ನು ಮನೆಯ ಮಗಳು ಮರಳಿ ತೊಟ್ಟಂತಾಯಿತು!

ಅದೇ ಸಂಪುಟದ ‘ಬ್ರಿಮ್‌ಫುಲ್ ಆಫ್ ಆಶಾ’ ಎಂಬುದೇ ಇವರಿಗೆ ಕೀರ್ತಿಯನ್ನು ತಂದ ಗೀತೆ. ಇದರಲ್ಲಿ ಸ್ತುತಿಸಲ್ಪಟ್ಟವರು ಆಶಾ ಭೋಸ್ಲೆಯವರು. ನಮ್ಮ ಚಲಚ್ಚಿತ್ರಗಳಲ್ಲಿ ನಾಯಿಕೆಯು ತುಟಿಯನ್ನು ಆಡಿಸುವಳು. ಕಂಠವು ತೆರೆಯ ಹಿಂದಿನ ಮತ್ತೊಬ್ಬಳದು. ಆ ಕಾಣದ ಕಂಠಕ್ಕೆ, ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ತಟ್ಟೆಗೆ, ಆಕಾಶವಾಣಿಗೆ ಅರ್ಪಿಸಿದ ಕಾಣಿಕೆಯಿದು. ಆಶಾ ಎಂಬುದು ವ್ಯಕ್ತಿಯ ಹೆಸರೂ ಹೌದು, ಭರವಸೆಯೆಂಬ ಅರ್ಥವೂ ಹೌದು; ನಮ್ಮ ಆಲಂಕಾರಿಕರು ಇದನ್ನು ಶ್ಲೇಷವೆಂದು ಕರೆಯದಿರುತ್ತಿದ್ದರೆ?

1997ರಲ್ಲಿ ಈ ಗೀತೆಯು ಹೊರಬಂದಾಗ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದಕ್ಕೆ ದೊರೆತುದು 60ನೆಯ ಸ್ಥಾನ ಮಾತ್ರ. ಆದರೂ ಜಾನ್ ಪೀಲ್ ಎಂಬ ರಸಿಕ ಪ್ರಸಾರಕನ ರೇಡಿಯೋ ಶ್ರೋತೃಗಳು ಆ ವರ್ಷದ ಶ್ರೇಷ್ಠ ಗೀತೆಯಾಗಿ ಅದನ್ನೇ ಆರಿಸಿದರು. ಬಳಿಕ ನಾರ್ಮನ್ ಕುಕ್ ಎಂಬವನು ಅದರ ಲಯವನ್ನು ತ್ವರಿತಗೊಳಿಸಿ ಹೊಸರೂಪವನ್ನು ಕೊಡಲು, 1998ರ ಫೆಬ್ರವರಿಯಲ್ಲಿ ಅದು ಪ್ರಥಮ ಸ್ಥಾನಕ್ಕೇರಿತು. ಭಾರತದ ಹಿನ್ನೆಲೆಗಾಯಕಿಯೊಬ್ಬರ ಹೆಸರು ಆಂಗ್ಲರ ಮನೆಮನೆಗಳಲ್ಲಿ ಗುನುಗಲ್ಪಟ್ಟಿತು.

ಆದರೆ ಗೋಷ್ಠಿಯವರು ಆ ಒಂದು ಜಯವನ್ನೇ ಮತ್ತೆ ಮತ್ತೆ ಅಚ್ಚುಹಾಕಲು ಹೊರಡಲಿಲ್ಲ. 2002ರಲ್ಲಿ ಮುಂದಿನ ಸಂಪುಟವನ್ನು ಹೊರತಂದರು. ತರುವಾಯ ತಮ್ಮದೇ ಪ್ರಕಾಶನವನ್ನು ಸ್ಥಾಪಿಸಿಕೊಂಡು ನಿಧಾನವಾಗಿ ನಡೆದರು. 2020ರಲ್ಲಿ ಪ್ರಕಟವಾದ ಅವರ ಸಂಪುಟದ ಹೆಸರು ‘ಇಂಗ್ಲೆಂಡ್ ಈಸ್ ಎ ಗಾರ್ಡನ್’. ಚಿತ್ರವನ್ನು ಸುಟ್ಟ ತರುಣರು ಮೂವತ್ತು ವರ್ಷಗಳ ಸಮೀಪದಲ್ಲಿ ಅದೇ ನಾಡನ್ನು ತೋಟವೆಂದು ಕರೆದುದನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ.

ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯ ಮಕ್ಕಳು ಬೆರಕೆಯ ಹಾಡನ್ನು ಹಾಡಿದರೆ ಕೂಡಲೆ ಗದರಬೇಡಿರಿ; ಅದರಲ್ಲಿ ಏನೇನು ಬೆರೆತಿದೆಯೆಂದು ಒಮ್ಮೆ ಕೇಳಿರಿ. ಪಂಜಾಬಿ ಮನೆಯೊಂದರಲ್ಲಿ ತಟ್ಟೆಯಿಂದ ಕೇಳಿಬಂದ ಹಾಡನ್ನು ಮಕ್ಕಳು ಮರೆತಿದ್ದರೆ ಆಂಗ್ಲದೇಶಕ್ಕೆ ಆ ಗೀತೆಯು ದೊರೆಯುತ್ತಿರಲಿಲ್ಲ. ನಾವು ಬೆಂಚಿನ ಮೇಲೆ ನಿಲ್ಲಿಸಿದ ಬಾಲಕರು ಈಗ ಎಲ್ಲಿರುವರೋ ಅರಿಯೆವು. ಅವರು ಇಂದಿಗೂ ಗುನುಗುತ್ತಿರಲಿ ಎಂಬುದೇ ನಮ್ಮ ಹಾರೈಕೆ.