ಬೈಗಿನ ಬೆಳಕನ್ನು ಹಿಡಿಯುವ ಬಗೆ

ಡಿಸೆಂಬರ್ ತಿಂಗಳ ಒಂದು ಸಂಜೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಮೇಲೆ ಜನ ಕಿಕ್ಕಿರಿದು ನೆರೆದಿದ್ದಾರೆ. ಪಡುವಣ ದಿಕ್ಕಿನಲ್ಲಿ ಕೆಂಪು ಗೋಳವೊಂದು ಮೆಲ್ಲಮೆಲ್ಲನೆ ಇಳಿಯುತ್ತಿದೆ. ಅದರ ಅಂಚು ದಿಗಂತವನ್ನು ತಾಗಿದೊಡನೆ ಎಲ್ಲರ ಕೈಗಳೂ ಮೇಲೇಳುತ್ತವೆ. ಒಂದೊಂದು ಕೈಯಲ್ಲಿಯೂ ಒಂದೊಂದು ಕ್ಯಾಮೆರಾ, ಇಲ್ಲವೇ ಒಂದು ಮೊಬೈಲು. ಎರಡು ಮೂರು ನಿಮಿಷಗಳಲ್ಲಿ ಸೂರ್ಯನು ಮರೆಯಾಗುತ್ತಾನೆ. ಮತ್ತೆ ಹತ್ತು ನಿಮಿಷಗಳು ಕಳೆಯುವಷ್ಟರಲ್ಲಿ ಕಟ್ಟೆ ಬಹುಪಾಲು ಬರಿದಾಗುತ್ತದೆ. ಮನೆಗೆ ಮರಳಿ ತಾವು ತೆಗೆದ ಚಿತ್ರಗಳನ್ನು ನೋಡುವಾಗ ಅನೇಕರಿಗೆ ನಿರಾಶೆ ಕಾದಿರುತ್ತದೆ. ಕಣ್ಣು ಕಂಡ ಆ ವೈಭವವೆಲ್ಲಿ, ಚಿತ್ರದಲ್ಲಿರುವ ಈ ಚಿಕ್ಕ ಬಿಳಿಯ ಚುಕ್ಕೆ ಎಲ್ಲಿ! ಬೆಟ್ಟಗಳಿದ್ದ ಕಡೆ ಬರಿಯ ಕಪ್ಪು ಬಳಿದಂತಿರುತ್ತದೆ. ಇದು ಕ್ಯಾಮೆರಾದ ದೋಷವೆ? ಅಲ್ಲ. ಬೆಳಕಿನ ಸ್ವಭಾವವನ್ನು ಅರಿಯದೆ, ಅದಕ್ಕಾಗಿ ಕಾಯದೆ ಇದ್ದುದರ ಫಲ.

ಆಗುಂಬೆಯು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಪುಟ್ಟ ಊರು. ಪಶ್ಚಿಮ ಘಟ್ಟದ ಅಂಚಿನಲ್ಲಿ, ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿ ಅದು ನೆಲೆಸಿದೆ. ಊರನ್ನು ದಾಟಿ ಉಡುಪಿಯ ಕಡೆಗೆ ಸಾಗುವ ಹೆದ್ದಾರಿಯು ಸುತ್ತುಸುತ್ತಾಗಿ ಘಟ್ಟವನ್ನು ಇಳಿಯತೊಡಗುವಲ್ಲಿ, ರಸ್ತೆಯ ಬದಿಯಲ್ಲಿಯೇ ಈ ಕಟ್ಟೆಯಿದೆ. ಅಲ್ಲಿ ನಿಂತರೆ ಕಾಲಬುಡದಲ್ಲಿ ದಟ್ಟವಾದ ಕಾಡಿನ ಕಣಿವೆ. ಅದರಾಚೆ ಒಂದರ ಹಿಂದೊಂದರಂತೆ ಬೆಟ್ಟಗಳ ಸಾಲು. ಕೊನೆಯಲ್ಲಿ ಕರಾವಳಿಯ ಬಯಲು. ಆಕಾಶ ತಿಳಿಯಾಗಿದ್ದ ದಿನ ದೂರದ ಅರಬ್ಬೀ ಸಮುದ್ರವೂ ಒಂದು ಹೊಳೆಯುವ ಗೆರೆಯಂತೆ ಗೋಚರಿಸುತ್ತದೆ.

ಈ ನೋಟವು ವರ್ಷದ ಎಲ್ಲ ದಿನಗಳಲ್ಲಿಯೂ ದೊರೆಯುವುದಿಲ್ಲ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮೋಡ ಮಂಜುಗಳೇ ಕಣಿವೆಯನ್ನು ಆಳುತ್ತವೆ. ಬೇಸಿಗೆಯಲ್ಲಿ ಧೂಳು ಮತ್ತು ಹೊಗೆಗಳಿಂದ ಗಾಳಿ ಮಬ್ಬಾಗಿರುತ್ತದೆ. ಮಳೆಯು ಗಾಳಿಯನ್ನು ತೊಳೆದು ಹಿಂದೆಗೆದ ಮೇಲೆ, ನವೆಂಬರಿನಿಂದ ಜನವರಿಯವರೆಗಿನ ದಿನಗಳೇ ಚಿತ್ರ ತೆಗೆಯಲು ತಕ್ಕ ಕಾಲ. ಆದರೆ ಒಂದು ಮಾತನ್ನು ನೆನಪಿಡಬೇಕು: ಸೂರ್ಯನು ಪ್ರತಿದಿನವೂ ಒಂದೇ ಜಾಗದಲ್ಲಿ ಮುಳುಗುವುದಿಲ್ಲ. ಡಿಸೆಂಬರಿನಲ್ಲಿ ಅವನು ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿಗಳಷ್ಟು ತೆಂಕಣಕ್ಕೆ ಸರಿದು ಅಸ್ತಮಿಸುತ್ತಾನೆ. ಜೂನ್ ತಿಂಗಳಲ್ಲಿ ಅಷ್ಟೇ ಬಡಗಣಕ್ಕೆ. ಆದುದರಿಂದ ಯಾವ ಬೆಟ್ಟದ ಹಿಂದೆ ಸೂರ್ಯನು ಇಳಿಯುವನೆಂಬುದನ್ನು ಮೊದಲೇ ತಿಳಿದು ನಿಲ್ಲುವ ಜಾಗವನ್ನು ಆರಿಸಿಕೊಳ್ಳಬೇಕಾಗುತ್ತದೆ.

ಸಂಜೆಯ ಆಕಾಶ ಕೆಂಪಾಗುವುದೇಕೆ? ಸೂರ್ಯನ ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಅಡಗಿವೆ. ಗಾಳಿಯ ಅಣುಗಳು ಈ ಬೆಳಕನ್ನು ಎಲ್ಲ ದಿಕ್ಕುಗಳಿಗೂ ಚೆದುರಿಸುತ್ತವೆ. ಕಿರಿದಾದ ತರಂಗಗಳುಳ್ಳ ನೀಲಿ ಬೆಳಕು, ಹಿರಿದಾದ ತರಂಗಗಳುಳ್ಳ ಕೆಂಪು ಬೆಳಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಾಗಿ ಚೆದುರುತ್ತದೆ. ಈ ನಿಯಮವನ್ನು 1871ರಲ್ಲಿ ವಿವರಿಸಿದವನು ಇಂಗ್ಲೆಂಡಿನ ವಿಜ್ಞಾನಿ ರ‍್ಯಾಲೆ. ನಡುಹಗಲಿನಲ್ಲಿ ಆಕಾಶ ನೀಲಿಯಾಗಿ ಕಾಣುವುದು ಈ ಕಾರಣದಿಂದಲೇ. ಸಂಜೆ ಸೂರ್ಯನು ದಿಗಂತದ ಹತ್ತಿರವಿರುವಾಗ ಅವನ ಕಿರಣಗಳು ಓರೆಯಾಗಿ, ನೆತ್ತಿಯ ಮೇಲಿದ್ದಾಗಿನದಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಆ ದೀರ್ಘ ಪ್ರಯಾಣದಲ್ಲಿ ನೀಲಿಯು ದಾರಿಯಲ್ಲಿಯೇ ಚೆದುರಿಹೋಗಿ, ಕೆಂಪು ಮತ್ತು ಕಿತ್ತಳೆಯ ಬಣ್ಣಗಳು ಮಾತ್ರ ನೋಡುವವರ ಕಣ್ಣನ್ನು ಸೇರುತ್ತವೆ.

ಬೆಟ್ಟದ ಸಾಲುಗಳು ಪದರಪದರವಾಗಿ ಕಾಣುವುದಕ್ಕೂ ಗಾಳಿಯೇ ಕಾರಣ. ಹತ್ತಿರದ ಬೆಟ್ಟಕ್ಕೂ ನೋಡುವವನಿಗೂ ನಡುವೆ ಇರುವ ಗಾಳಿ ಸ್ವಲ್ಪ. ಅದು ಕಡುಗಪ್ಪಾಗಿ ಕಾಣುತ್ತದೆ. ಅದರ ಹಿಂದಿನ ಬೆಟ್ಟದ ಮುಂದೆ ಹೆಚ್ಚು ಗಾಳಿಯಿದೆ. ಆ ಗಾಳಿ ಚೆದುರಿಸಿದ ಬೆಳಕು ಬೆಟ್ಟದ ಕಪ್ಪಿನ ಮೇಲೆ ತೆಳುವಾದ ಪರದೆಯನ್ನು ಹೊದಿಸುತ್ತದೆ. ಹೀಗೆ ದೂರ ಹೆಚ್ಚಿದಂತೆಲ್ಲ ಬೆಟ್ಟ ಮಸುಕಾಗುತ್ತ, ಕೊನೆಯ ಸಾಲು ಆಕಾಶದಲ್ಲಿಯೇ ಕರಗಿದಂತಾಗುತ್ತದೆ. ಸಂಜೆಯ ಬೆಟ್ಟದ ಚಿತ್ರಕ್ಕೆ ಆಳವನ್ನು ಕೊಡುವುದು ಸೂರ್ಯನಿಗಿಂತ ಹೆಚ್ಚಾಗಿ ಈ ಪದರಗಳೇ. ಇದನ್ನು ಬಲ್ಲವನು ಸೂರ್ಯನೊಬ್ಬನನ್ನೇ ಹಿಂಬಾಲಿಸದೆ, ಬೆಟ್ಟಗಳ ಏರಿಳಿತಗಳನ್ನು ಮೊದಲು ನೋಡುತ್ತಾನೆ.

ಕಣ್ಣಿಗೂ ಕ್ಯಾಮೆರಾಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ತಿಳಿಯಬೇಕು. ದಿಗಂತದ ಸೂರ್ಯ ಬಹಳ ದೊಡ್ಡವನೆಂದು ಮನಸ್ಸು ಭ್ರಮಿಸುತ್ತದೆ. ವಾಸ್ತವವಾಗಿ ಅವನು ಆಕಾಶದಲ್ಲಿ ಆಕ್ರಮಿಸುವುದು ಸುಮಾರು ಅರ್ಧ ಡಿಗ್ರಿಯಷ್ಟು ಅಗಲವನ್ನು ಮಾತ್ರ. ವಿಶಾಲವಾದ ನೋಟವನ್ನು ಹಿಡಿಯುವ ಮೊಬೈಲಿನ ಚಿತ್ರದಲ್ಲಿ ಅದು ಒಟ್ಟು ಅಗಲದ ನೂರನೆಯ ಒಂದು ಭಾಗಕ್ಕಿಂತಲೂ ಕಿರಿದಾಗುತ್ತದೆ. ಚಿತ್ರದಲ್ಲಿ ಸೂರ್ಯನು ಚುಕ್ಕೆಯಾಗುವ ಗುಟ್ಟು ಇದೇ. ಎರಡನೆಯದಾಗಿ, ಕಣ್ಣು ಬೆಳಗುವ ಆಕಾಶವನ್ನೂ ಕತ್ತಲ ಕಣಿವೆಯನ್ನೂ ಒಂದಾದ ಮೇಲೊಂದರಂತೆ ನೋಡಿ, ಎರಡಕ್ಕೂ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಕ್ಯಾಮೆರಾಕ್ಕೆ ಅಷ್ಟು ಶಕ್ತಿಯಿಲ್ಲ. ಅದರ ಇಷ್ಟಕ್ಕೇ ಬಿಟ್ಟರೆ ಅದು ಕಣಿವೆಯ ಕತ್ತಲನ್ನು ಕಂಡು ಹೆಚ್ಚು ಬೆಳಕನ್ನು ಒಳಗೆ ಬಿಟ್ಟುಕೊಂಡು ಆಕಾಶದ ಬಣ್ಣಗಳನ್ನು ಬೆಳ್ಳಗೆ ಮಾಡಿಬಿಡಬಹುದು; ಇಲ್ಲವೇ ಸೂರ್ಯನ ಪ್ರಖರತೆಗೆ ಬೆದರಿ ಉಳಿದುದನ್ನೆಲ್ಲ ಕಪ್ಪಾಗಿಸಬಹುದು.

ಆದುದರಿಂದ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಬಿಟ್ಟುಕೊಡಬೇಕು ಎಂಬುದನ್ನು ಛಾಯಾಗ್ರಾಹಕನೇ ನಿರ್ಧರಿಸಬೇಕು. ಸಂಜೆಯ ಚಿತ್ರದಲ್ಲಿ ಸಾಮಾನ್ಯವಾಗಿ ಆಕಾಶಕ್ಕೆ ತಕ್ಕಂತೆ ಬೆಳಕನ್ನು ಅಳೆಯುವುದು ಲೇಸು. ಬೆಟ್ಟಗಳು ಕಪ್ಪಾದರೂ ಅವುಗಳ ಅಂಚಿನ ರೇಖೆ ಸ್ಫುಟವಾಗಿ ಮೂಡುತ್ತದೆ. ಮೊಬೈಲಿನಲ್ಲಾದರೆ, ಪರದೆಯ ಮೇಲೆ ಆಕಾಶದ ಬೆಳಗುವ ಭಾಗವನ್ನು ಬೆರಳಿನಿಂದ ಮುಟ್ಟಿದರೆ ಬೆಳಕಿನ ಅಳತೆ ಆ ಭಾಗಕ್ಕೆ ಹೊಂದಿಕೊಳ್ಳುತ್ತದೆ. ದಿಗಂತದ ಗೆರೆ ಓರೆಯಾಗದಂತೆ ನೋಡಿಕೊಳ್ಳಬೇಕು. ದೂರವನ್ನು ಹತ್ತಿರಕ್ಕೆ ತರುವ ಮಸೂರದ ಮೂಲಕ ಸೂರ್ಯನನ್ನು ನೇರವಾಗಿ ನೋಡುವುದು ಕಣ್ಣಿಗೆ ಅಪಾಯಕರವೆಂಬುದನ್ನು ಎಂದಿಗೂ ಮರೆಯಬಾರದು.

ನಿಜವಾದ ಪರೀಕ್ಷೆ ಆರಂಭವಾಗುವುದು ಸೂರ್ಯನು ಮುಳುಗಿದ ಮೇಲೆ. ಒಂದು ವಿಸ್ಮಯವನ್ನು ಇಲ್ಲಿ ಹೇಳಬೇಕು. ಗಾಳಿಯು ಬೆಳಕಿನ ಕಿರಣಗಳನ್ನು ಬಾಗಿಸುವುದರಿಂದ ದಿಗಂತದಲ್ಲಿ ಸೂರ್ಯನು ತನ್ನ ನಿಜವಾದ ಸ್ಥಾನಕ್ಕಿಂತ ಅರ್ಧ ಡಿಗ್ರಿಗೂ ತುಸು ಹೆಚ್ಚು ಮೇಲೆ ಕಾಣುತ್ತಾನೆ. ಹೀಗಾಗಿ ಸೂರ್ಯನ ತಳವು ದಿಗಂತವನ್ನು ಮುಟ್ಟಿದಂತೆ ತೋರುವಾಗ ಅವನು ಆಗಲೇ ದಿಗಂತದ ಕೆಳಗೆ ಇಳಿದಾಗಿರುತ್ತದೆ! ಅವನು ಕಣ್ಮರೆಯಾದ ಬಳಿಕವೂ ಬೆಳಕು ಒಡನೆಯೇ ಆರುವುದಿಲ್ಲ. ಎತ್ತರದ ಗಾಳಿಯ ಪದರಗಳಿಗೆ, ಮೋಡಗಳಿಗೆ ಅವನ ಕಿರಣಗಳು ಇನ್ನೂ ತಾಗುತ್ತಿರುತ್ತವೆ. ಕರ್ನಾಟಕದ ಅಕ್ಷಾಂಶದಲ್ಲಿ ಸುಮಾರು 20ರಿಂದ 25 ನಿಮಿಷಗಳ ಕಾಲ ಈ ಬೈಗುಬೆಳಕು ಇರುತ್ತದೆ. ಮೋಡಗಳ ಹೊಟ್ಟೆ ಕೆಂಪೇರುತ್ತದೆ. ಬಳಿಕ ಗುಲಾಬಿ, ಆಮೇಲೆ ನೇರಳೆ, ಕೊನೆಗೆ ಗಾಢವಾದ ನೀಲಿ. ಕಣ್ಣು ಕೋರೈಸುವ ಸೂರ್ಯನು ಇಲ್ಲದ ಕಾರಣ ಆಕಾಶಕ್ಕೂ ಬೆಟ್ಟಕ್ಕೂ ಇದ್ದ ಬೆಳಕಿನ ಅಂತರ ತಗ್ಗಿ, ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಸುಲಭವಾಗುತ್ತದೆ. ಕಟ್ಟೆ ಬರಿದಾಗುವುದು ಈ ಹೊತ್ತಿನಲ್ಲಿಯೇ!

ಆದರೆ ಬೆಳಕು ಕ್ಷೀಣಿಸಿದಂತೆ ಚಿತ್ರಕ್ಕೆ ಬೇಕಾಗುವ ಕಾಲ ಹೆಚ್ಚುತ್ತದೆ. ಹಗಲಿನಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗವೇ ಸಾಕಾಗಿದ್ದಲ್ಲಿ, ಈಗ ಅರ್ಧ ಸೆಕೆಂಡು, ಒಂದು ಸೆಕೆಂಡು ಬೇಕಾಗಬಹುದು. ಅಷ್ಟು ಹೊತ್ತು ಕೈ ಅಲುಗದಂತೆ ಹಿಡಿಯುವುದು ಸಾಧ್ಯವಿಲ್ಲ. ಮೂರು ಕಾಲಿನ ಟ್ರೈಪಾಡ್ ಇದ್ದರೆ ಉತ್ತಮ. ಇಲ್ಲದಿದ್ದರೆ ಕಟ್ಟೆಯ ಗೋಡೆಯ ಮೇಲೆ ಒಂದು ಚೀಲವನ್ನಿಟ್ಟು ಅದರ ಮೇಲೆ ಕ್ಯಾಮೆರಾವನ್ನು ಊರಿದರೂ ಸಾಗುತ್ತದೆ.

ಸಿದ್ಧತೆಯ ಬೆಲೆ ಎಷ್ಟೆಂಬುದಕ್ಕೆ ಅಮೆರಿಕದ ಛಾಯಾಗ್ರಾಹಕ ಆ್ಯನ್ಸೆಲ್ ಆ್ಯಡಮ್ಸ್‌ನ ಜೀವನದಲ್ಲಿ ನಡೆದ ಪ್ರಸಂಗವೊಂದು ಸಾಕ್ಷಿಯಾಗಿದೆ. 1941ರ ನವೆಂಬರ್ 1ರ ಸಂಜೆ ಆತನು ನ್ಯೂ ಮೆಕ್ಸಿಕೊ ರಾಜ್ಯದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಬರುತ್ತಿದ್ದನು. ದೂರದ ಹಿಮದ ಬೆಟ್ಟಗಳ ಮೇಲೆ ಚಂದ್ರನು ಮೇಲೇರಿದ್ದನು. ಮುಳುಗುವ ಸೂರ್ಯನ ಕೊನೆಯ ಬೆಳಕು ಸಮಾಧಿಭೂಮಿಯ ಬಿಳಿಯ ಶಿಲುಬೆಗಳ ಮೇಲೆ ಬಿದ್ದಿತ್ತು. ಕಾರನ್ನು ನಿಲ್ಲಿಸಿ ಆತನು ತನ್ನ ದೊಡ್ಡ ಕ್ಯಾಮೆರಾವನ್ನು ಅವಸರದಿಂದ ಜೋಡಿಸಿದನು. ಆದರೆ ಬೆಳಕನ್ನಳೆಯುವ ಮಾಪಕವೇ ಸಿಗಲಿಲ್ಲ! ಚಂದ್ರನ ಪ್ರಕಾಶವು ಚದರ ಅಡಿಗೆ 250 ಕ್ಯಾಂಡಲ್‌ಗಳಷ್ಟೆಂಬುದು ಆತನಿಗೆ ನೆನಪಿತ್ತು. ಅದರ ಆಧಾರದಿಂದಲೇ ಲೆಕ್ಕ ಹಾಕಿ ಒಂದು ಚಿತ್ರವನ್ನು ತೆಗೆದನು. ಎರಡನೆಯದಕ್ಕೆ ಅಣಿಯಾಗುವಷ್ಟರಲ್ಲಿ ಶಿಲುಬೆಗಳ ಮೇಲಿನ ಬೆಳಕು ಆರಿಹೋಯಿತು. ಆ ಒಂದೇ ಚಿತ್ರ ಜಗತ್ಪ್ರಸಿದ್ಧವಾಯಿತು. ಅದೃಷ್ಟವು ಆತನಿಗೆ ನೋಟವನ್ನು ಒದಗಿಸಿತು. ಆದರೆ ಅದನ್ನು ಉಳಿಸಿದ್ದು ಆತನು ವರ್ಷಗಟ್ಟಲೆ ಗಳಿಸಿದ್ದ ಅರಿವು.

ಚಿತ್ರದ ಆಸೆಯು ವಿವೇಕವನ್ನು ಮೀರಬಾರದು. ಒಂದು ಒಳ್ಳೆಯ ಚಿತ್ರಕ್ಕಾಗಿ ತಡೆಗೋಡೆಯನ್ನು ದಾಟಿ ಪ್ರಪಾತದ ಅಂಚಿನಲ್ಲಿ ನಿಂತು ಪ್ರಾಣ ಕಳೆದುಕೊಂಡವರು ಲೋಕದಲ್ಲಿ ಹಲವರಿದ್ದಾರೆ. ಘಟ್ಟದ ತಿರುವಿನಲ್ಲಿ, ಕತ್ತಲು ಕವಿಯುವ ಹೊತ್ತಿನಲ್ಲಿ ರಸ್ತೆಯ ಮೇಲೆ ನಿಲ್ಲುವುದೂ ಅಷ್ಟೇ ಅಪಾಯ. ಕೆಳಗಿನ ಕಾಡು ಸಿಂಗಳೀಕದಂತಹ ಅಪರೂಪದ ಪ್ರಾಣಿಗಳ ಮನೆ. ಪಶ್ಚಿಮ ಘಟ್ಟವನ್ನು ಬಿಟ್ಟರೆ ಸಿಂಗಳೀಕಕ್ಕೆ ಜಗತ್ತಿನಲ್ಲಿ ಬೇರೆ ಕಾಡಿಲ್ಲ. ಚಿತ್ರಕ್ಕೆ ಹತ್ತಿರ ಬರಲೆಂದು ಕೋತಿಗಳಿಗೆ ತಿಂಡಿ ಎಸೆದರೆ ಅವು ರಸ್ತೆಯ ಬದಿಗೆ ಬಂದು ವಾಹನಗಳಿಗೆ ಬಲಿಯಾಗುತ್ತವೆ. ಪ್ಲಾಸ್ಟಿಕ್ಕಿನ ಕಸವನ್ನು ಕಣಿವೆಗೆ ಎಸೆದು ಕಣಿವೆಯ ಅಂದವನ್ನು ಚಿತ್ರದಲ್ಲಿ ಕೊಂಡೊಯ್ಯುವುದು ಎಂತಹ ಪ್ರೀತಿ? ಕಟ್ಟೆಯು ಎಲ್ಲರ ಸೊತ್ತು. ಹಿಂದೆ ನಿಂತ ಮಗುವಿಗೂ ಮುದುಕರಿಗೂ ಆ ಸೂರ್ಯನಲ್ಲಿ ಸಮಪಾಲಿದೆ ಎಂಬುದನ್ನು ಅರಿತು, ತನ್ನ ಚಿತ್ರ ಮುಗಿದೊಡನೆ ಸರಿದು ನಿಲ್ಲುವವನೇ ಸಜ್ಜನ.

ಆಗುಂಬೆಯಿರುವ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ ಕುಪ್ಪಳಿಯಿದೆ. ಅಲ್ಲಿನ ಕವಿಶೈಲದ ಬಂಡೆಗಳ ಮೇಲೆ ಕುಳಿತು ಕುವೆಂಪು ಅವರು ಮಲೆನಾಡಿನ ಸಂಜೆಗಳನ್ನು ಕಂಡರು, ಕಂಡುದನ್ನು ಮಾತಿನಲ್ಲಿ ಹಿಡಿದರು. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಮೂಡಿಗೆರೆಯ ಪರಿಸರದಲ್ಲಿ ಹಕ್ಕಿಗಳಿಗಾಗಿ ಕಾದರು. ತಂದೆಯ ಸಾಧನ ಬೇರೆ, ಮಗನ ಸಾಧನ ಬೇರೆ. ಕಾಯುವ ತಾಳ್ಮೆ ಮಾತ್ರ ಒಂದೇ. ತಾಳಿದವನು ಬಾಳಿಯಾನು ಎಂಬ ಗಾದೆ ಬಾಳಿಗೆ ಹೇಗೋ ಛಾಯಾಚಿತ್ರಕ್ಕೂ ಹಾಗೆಯೇ ಸಲ್ಲುತ್ತದೆ. ಸೂರ್ಯನು ಮುಳುಗಿದ ಮೇಲೂ ಕಟ್ಟೆಯ ಮೇಲೆ ಉಳಿದವನಿಗೆ ಒಳ್ಳೆಯ ಚಿತ್ರವೊಂದು ದೊರೆಯಬಹುದು. ಕೊನೆಯ ಕೆಲವು ನಿಮಿಷಗಳಲ್ಲಿ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ, ಬೆಟ್ಟಗಳು ಒಂದೊಂದಾಗಿ ಕತ್ತಲಲ್ಲಿ ಕರಗುವುದನ್ನು ಬರಿಗಣ್ಣಿನಿಂದ ನೋಡಿದವನಿಗಾದರೋ ಎಂದಿಗೂ ಮಾಸದ ಚಿತ್ರ ದೊರೆಯುತ್ತದೆ.