ನಾಯಿಗಾಗಿ ಚಿರತೆಯನ್ನು ಕೊಲ್ಲಬಹುದೇ?

"ಅಜ್ಜ, ಚಿರತೆ ನಮ್ಮ ಕರಿಯನನ್ನು ಹಿಡಿಯೋಕೆ ಬಂದ್ರೆ ಕೋವಿಯಿಂದ ಹೊಡೀಬಹುದಲ್ವಾ?" ಎಂದಳು ಮೊಮ್ಮಗಳು. "ಇಲ್ಲ ಮಗೂ" ಎಂದೆ. ಅವಳ ಮುಖ ಸಪ್ಪಗಾಯಿತು. ಕಾರಣ ಹೇಳಲೇಬೇಕಾಯಿತು.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ತನ್ನನ್ನೋ ಇನ್ನೊಬ್ಬ ಮನುಷ್ಯನನ್ನೋ ಉಳಿಸಲು ಬೇರೆ ದಾರಿಯಿಲ್ಲದೆ ಕಾಡುಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎನ್ನುತ್ತದೆ ಅದರ 11ನೇ ಸೆಕ್ಷನ್. ಅಲ್ಲಿ ನಾಯಿ, ದನ, ಕೋಳಿಯ ಮಾತಿಲ್ಲ. ಚಿರತೆ ಮೊದಲನೇ ಅನುಸೂಚಿಯ ಪ್ರಾಣಿ. ಅದನ್ನು ಕೊಂದದ್ದು ಸಾಬೀತಾದರೆ 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಉರುಳು ಒಡ್ಡುವುದು, ವಿಷವಿಡುವುದು ಕೂಡ ಕಾನೂನಿನ ಕಣ್ಣಿಗೆ ಬೇಟೆಯೇ.

"ಹಾಗಾದ್ರೆ ಕರಿಯನ ಗತಿ?" ಎಂದಳು.

ಅಂಗಳದಲ್ಲಿ ಸರಪಳಿ ಬಿಗಿದ ನಾಯಿ ಓಡಲಾರದು. ಜಿಂಕೆಗಿಂತ ಅದು ಚಿರತೆಗೆ ಸುಲಭದ ತುತ್ತು. ಆದ್ದರಿಂದ ಮಕ್ಕಳೇ, ಕತ್ತಲಾಗುವ ಮೊದಲೇ ನಾಯಿಯನ್ನು ಒಳಗೆ ಕರೆದುಕೊಳ್ಳಿ. ಇಲ್ಲವೇ ಗಟ್ಟಿ ಸರಳು, ಮೇಲೆ ಮಾಡು ಇರುವ ಗೂಡಿನಲ್ಲಿ ಬಿಡಿ. ಮಾಂಸದ ಕಸವನ್ನು ಮನೆಯ ಹತ್ತಿರ ಎಸೆಯಬೇಡಿ. ಅದಕ್ಕೆ ಬೀದಿನಾಯಿಗಳು ಸೇರುತ್ತವೆ, ಅವುಗಳ ಹಿಂದೆ ಚಿರತೆ ಬರುತ್ತದೆ. ಚಿರತೆ ಕಂಡರೆ ಬಾಗಿಲು ಹಾಕಿಕೊಂಡು ಗದ್ದಲ ಮಾಡಿ, ಹಿರಿಯರಿಂದ ಅರಣ್ಯ ಇಲಾಖೆಗೆ ಫೋನ್ ಮಾಡಿಸಿ.

ಈಗ ದೀಪ ಹಚ್ಚುವ ಹೊತ್ತಿಗೆ ಕರಿಯನನ್ನು ಒಳಗೆ ಕರೆಯುವ ಕೆಲಸ ಮೊಮ್ಮಗಳದ್ದೇ.