ಪರಂಗಿಮಲೆಯಿಂದ ಕೊಡಗಿಗೆ ಎಳೆದ ಗೆರೆ

ವಿಜ್ಞಾನದ ಇತಿಹಾಸ ಎಂದ ಕೂಡಲೇ ನಮ್ಮ ಮಕ್ಕಳಿಗೆ ನ್ಯೂಟನ್ನನ ಸೇಬು, ಆರ್ಕಿಮಿಡೀಸನ ನೀರಿನ ತೊಟ್ಟಿ ನೆನಪಾಗುತ್ತವೆ. ಎಲ್ಲವೂ ಎಲ್ಲೋ ದೂರದಲ್ಲಿ ನಡೆದದ್ದು! ಆದರೆ ಚೆನ್ನೈಯಲ್ಲೇ ಹುಟ್ಟಿ ಬೆಳೆದ ನೀವು ವಿಮಾನ ನಿಲ್ದಾಣಕ್ಕೆ ಹೋಗುವಾಗಲೆಲ್ಲ ನೋಡುವ ಪರಂಗಿಮಲೆಯ ಬುಡದಲ್ಲೇ, 1802ರ ಏಪ್ರಿಲ್ 10ರಂದು, ಜಗತ್ತಿನ ಬಲು ದೊಡ್ಡ ಅಳತೆಯ ಕೆಲಸವೊಂದು ಪ್ರಾರಂಭವಾಯಿತು. ಅದು ಮುಂದೆ ಸಾಗಿದ್ದು ನಮ್ಮ ಕನ್ನಡ ನಾಡಿನ ಕಡೆಗೆ. (ಪರಂಗಿ ಎಂದರೆ ನಮ್ಮ ಪರಂಗಿ ಹಣ್ಣಿನ ಪರಂಗಿಯೇ, ಪರದೇಶದ್ದು ಎಂದರ್ಥ.)

ಇದಕ್ಕೆ ಕೈಹಾಕಿದಾತ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ. 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಬಂದಿದ್ದ. ಒಂದು ರಾತ್ರಿ ದಾರಿ ತಪ್ಪಿದ ಪಡೆಗೆ ನಕ್ಷತ್ರ ನೋಡಿ ದಿಕ್ಕು ಹೇಳಿದನೆಂಬ ಕಥೆಯಿದೆ. ಟಿಪ್ಪು ಮಡಿದ ಮೇಲೆ ಕಂಪನಿಗೆ ಸರಿಯಾದ ನಕ್ಷೆ ಬೇಕಾಗಿತ್ತು. ಕಂದಾಯ ಎತ್ತಲು, ಸೈನ್ಯ ನಡೆಸಲು, ಇದನ್ನು ಮುಚ್ಚಿಡಬೇಕಾಗಿಲ್ಲ. ಲ್ಯಾಂಬ್ಟನ್ನನ ಮನಸ್ಸಿನಲ್ಲಿ ಮಾತ್ರ ಇನ್ನೂ ದೊಡ್ಡದೊಂದು ಪ್ರಶ್ನೆಯಿತ್ತು: ಭೂಮಿಯ ಆಕಾರ ನಿಜಕ್ಕೂ ಹೇಗಿದೆ?

ಆತನ ವಿಧಾನ ನೀವು ಹೈಸ್ಕೂಲಿನಲ್ಲಿ ಓದಿದ್ದೇ. ತ್ರಿಕೋನದ ಒಂದು ಬದಿ, ಅದರ ಎರಡು ತುದಿಗಳ ಕೋನ ಗೊತ್ತಾದರೆ ಉಳಿದ ಬದಿಗಳು ಲೆಕ್ಕದಿಂದಲೇ ಸಿಗುತ್ತವೆ. ಆ ಬದಿಗಳ ಮೇಲೆ ಮತ್ತೊಂದು ತ್ರಿಕೋನ, ಅದರಾಚೆ ಇನ್ನೊಂದು. ಸರಪಳಿ ಹಿಡಿದು ನೆಲದ ಮೇಲೆ ಅಳೆಯಬೇಕಾದ್ದು ಮೊದಲ ಗೆರೆಯನ್ನು. ಅದು ತಪ್ಪಿದರೆ, ರಂಗೋಲಿಯ ಮೊದಲ ಚುಕ್ಕಿಸಾಲು ಸೊಟ್ಟಗಾದಂತೆ, ಮುಂದಿನದೆಲ್ಲ ಸೊಟ್ಟ.

ಆದ್ದರಿಂದ ಪರಂಗಿಮಲೆಯಿಂದ ಪೆರುಂಬಾಕ್ಕದ ಗುಡ್ಡದವರೆಗಿನ ಏಳೂವರೆ ಮೈಲಿಯನ್ನು ಅಳೆಯಲು ವಾರಗಟ್ಟಲೆ ಹಿಡಿಯಿತು. ನೂರು ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಉಡುಗೊರೆಯಾಗಿ ಹೋಗಿ, ಬೇಡವೆನಿಸಿಕೊಂಡು ಇಂಡಿಯಾಕ್ಕೆ ಬಂದಿದ್ದದ್ದು. ಅದನ್ನು ಸುಮಾರು 400 ಸಲ ಹಾಸಬೇಕಾಯಿತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ನಮ್ಮೂರಿನ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ನಿಮಗೆ ವರ್ಣಿಸಬೇಕೆ? ಸರಪಳಿಯನ್ನು ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಶಾಖಕ್ಕೆ ತಕ್ಕಂತೆ ಲೆಕ್ಕ ತಿದ್ದುತ್ತಿದ್ದರು.

ಕೋನ ಅಳೆಯುವ ಥಿಯೊಡೊಲೈಟ್ ಯಂತ್ರದ್ದು ಇನ್ನೊಂದು ಕಥೆ. ಅರ್ಧ ಟನ್ ತೂಕದ ಅದು ಲಂಡನ್ನಿನಿಂದ ಬರುವಾಗ ಫ್ರೆಂಚರು ಹಡಗನ್ನೇ ಹಿಡಿದು ಮಾರಿಷಸ್ಸಿಗೆ ಒಯ್ದರು. ವಿಜ್ಞಾನದ ಉಪಕರಣವೆಂದು ತಿಳಿದ ಮೇಲೆ ಅಲ್ಲಿನ ಗವರ್ನರ್ ಅದನ್ನು ಗೌರವದಿಂದ ಮದರಾಸಿಗೆ ಕಳುಹಿಸಿಕೊಟ್ಟ. ವೈರಿಗಳ ನಡುವೆಯೂ ಅಂಥ ಮರ್ಯಾದೆಯಿತ್ತು! 1808ರಲ್ಲಿ ತಂಜಾವೂರಿನ ದೊಡ್ಡ ದೇವಸ್ಥಾನದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಅದಕ್ಕೆ ಬಲವಾದ ಪೆಟ್ಟು ಬಿತ್ತು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ವಾರಗಟ್ಟಲೆ ತಾನೇ ರಿಪೇರಿ ಮಾಡಿದ.

ಲೆಕ್ಕ ಸರಿಯೋ ತಪ್ಪೋ ಎಂಬ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ, 1804ರಲ್ಲಿ. ಅಲ್ಲಿ ಇನ್ನೊಂದು ಗೆರೆಯನ್ನು ಸರಪಳಿಯಿಂದಲೇ ಅಳೆದು, ಮದರಾಸಿನಿಂದ ತ್ರಿಕೋನಗಳ ಮೂಲಕ ಬಂದ ಉತ್ತರಕ್ಕೆ ಹೋಲಿಸಿದರು. ಸುಮಾರು ಏಳು ಮೈಲಿಗೆ ನಾಲ್ಕು ಇಂಚಿನಷ್ಟೂ ವ್ಯತ್ಯಾಸ ಬರಲಿಲ್ಲ. ಕ್ಯಾಲ್ಕುಲೇಟರ್ ಇಲ್ಲದ ಕಾಲ! ಆಗ ಲ್ಯಾಂಬ್ಟನ್ನನಿಗೆ ಸಹಾಯಕನಾಗಿದ್ದವನು ಜಾನ್ ವಾರನ್. 1802ರಲ್ಲಿ ಕೋಲಾರದ ಕಡೆ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ಸರ್ಕಾರಕ್ಕೆ ವರದಿ ಮಾಡಿದವನೂ ಇವನೇ. ಮುಂದೆ ನುಂಗಂಬಾಕ್ಕದ ಖಗೋಳ ವೀಕ್ಷಣಾಲಯವನ್ನೂ ನೋಡಿಕೊಂಡ.

ತ್ರಿಕೋನಗಳು ಮೈಸೂರು ಸೀಮೆ ದಾಟಿ, ಕೊಡಗಿನ ತಡಿಯಂಡಮೋಳ್ ಬೆಟ್ಟವೇರಿ, 1806ರ ಹೊತ್ತಿಗೆ ಪಡುವಣ ಕಡಲು ಮುಟ್ಟಿದವು. ಕರಾವಳಿಯಿಂದ ಕರಾವಳಿಗೆ ಸುಮಾರು 360 ಮೈಲಿ. ಹಳೆಯ ನಕ್ಷೆಗಳಲ್ಲಿ ಇದ್ದದ್ದು 400! ಕಂಪನಿಯ ಕಾಗದದ ಮೇಲಿನ ರಾಜ್ಯ ಒಂದೇಟಿಗೆ 40 ಮೈಲಿ ಕಿರಿದಾಯಿತು.

1823ರಲ್ಲಿ ಲ್ಯಾಂಬ್ಟನ್ ಹಿಂಗನ್‌ಘಾಟಿನಲ್ಲಿ ತೀರಿಕೊಂಡಾಗಲೂ ಅಳತೆ ಮುಗಿದಿರಲಿಲ್ಲ. ಉತ್ತರಕ್ಕೆ ಬೆಳೆಯುತ್ತ ಹೋದ ಅದೇ ತ್ರಿಕೋನಗಳ ಸರಪಳಿಯಿಂದ, 1856ರಲ್ಲಿ ಹಿಮಾಲಯದ ಶಿಖರವೊಂದರ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ಲೆಕ್ಕ ಹಾಕಿದವರಲ್ಲಿ ಪ್ರಮುಖರು ಬಂಗಾಳದ ರಾಧಾನಾಥ ಸಿಕ್ದಾರ್. ಶಿಖರಕ್ಕೆ ಹೆಸರು ಬಂದದ್ದು ಎವರೆಸ್ಟ್ ಸಾಹೇಬನದು. ಸಿಕ್ದಾರರ ಹೆಸರಾದರೂ ಉಳಿಯಿತು. ಪೆರುಂಬಾಕ್ಕದ ಬಿಸಿಲಿನಲ್ಲಿ ಸರಪಳಿ ಎತ್ತಿ ಇಟ್ಟವರು, ತಡಿಯಂಡಮೋಳಿನ ಗಾಳಿಯಲ್ಲಿ ಬಾವುಟ ಹಿಡಿದು ನಿಂತವರು ಈ ನಾಡಿನವರೇ. ಅವರ ಹೆಸರು ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ.